ತಾಟಿನೊಳಗಿನ ಲಿಂಬಿಹಣ್ಣು

ಮಾಳಿಗೆ ಹತ್ತಿದ ಕೂಡಲೇ ಅಕ್ಕೋರು ಆಕಾಶ ನೋಡುತ್ತಿರಲಿಲ್ಲ. ಮೊದಲು ಬಗ್ಗಿ, ಅಂಗೈಯ ಹಿಂಬದಿಯಿಂದ ಕಲ್ಲು ಮುಟ್ಟುತ್ತಿದ್ದರು, ಜ್ವರ ಬಂದ ಕೂಸಿನ ಹಣೆ ಮುಟ್ಟಿದ ಹಾಗೆ. "ಇನ್ನಾ ಕಾದದ ಬೇ" ಎನ್ನುತ್ತಿದ್ದರು. ಆಮೇಲೆ ಮುಖ ಮೇಲೆತ್ತುತ್ತಿದ್ದರು. ಆಕಾಶ ಎಷ್ಟೇ ನಿಚ್ಚಳವಾಗಿರಲಿ, ಕಲ್ಲು ಬಿಸಿಯಿದ್ದರೆ ಅವರ ಪಾಲಿಗೆ ಆ ಸಂಜೆ ಕೆಟ್ಟಿತೆಂದೇ ಲೆಕ್ಕ.

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಆಳಂದದಲ್ಲಿ ನಮ್ಮ ಶಾಲೆಯ ಕಟ್ಟೆಯ ಮೇಲೆ ಕೂತಿದ್ದೆ. ಯಾಕೋ ಏನೋ, ಕೈ ತಾನಾಗಿ ಕೆಳಗೆ ಹೋಗಿ ಕಟ್ಟೆಯ ಫರಸಿ ಕಲ್ಲು ಮುಟ್ಟಿತು. ಅಳು ಬಂದದ್ದು ಆಮೇಲೆ. ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು ಅವರಿಗೆ.

ಅಫಜಲಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಅವರು ವಿಜ್ಞಾನ ಕಲಿಸುತ್ತಿದ್ದರು, ನಾನು ಗಣಿತ. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಅನ್ನುವುದೇ ವಾಡಿಕೆ. ನನ್ನನ್ನೂ ಹುಡುಗಿಯರು ಹಾಗೇ ಕರೆಯುತ್ತಿದ್ದರು. ಆದರೆ ನನ್ನ ಮನಸ್ಸಿನಲ್ಲಿ ಅಕ್ಕೋರು ಅಂದರೆ ಅವರೊಬ್ಬರೇ. ನನಗೆ ಆಗ ಇಪ್ಪತ್ತನಾಲ್ಕು, ಅವರಿಗೆ ನಲವತ್ತರ ಮೇಲೆ. ಮದುವೆಯಾಗಿ ಮೂರೇ ವರ್ಷಕ್ಕೆ ಗಂಡ ತೀರಿಕೊಂಡು, ಗಂಡನ ಅಣ್ಣನ ಮನೆಯಲ್ಲಿ ಇದ್ದರು. ನೌಕರಿ ಮಾಡಲು ಆ ಭಾವನವರು ಒಪ್ಪಿದ್ದೇ ದೊಡ್ಡದು ಅಂತ ಊರು ಮಾತಾಡುತ್ತಿತ್ತು. ಒಪ್ಪುವಾಗ ಅವರು ಹಾಕಿದ ಷರತ್ತು ಚಿಕ್ಕದು: "ಸಾಲಿ, ಮನಿ. ನಡುವ ಏನೂ ಇಲ್ಲ. ದೀಪ ಹಚ್ಚೂದ್ರಾಗ ಬಾಗಲದ ಒಳಗಿರಬೇಕು."

ಇದನ್ನು ಅಕ್ಕೋರು ನನಗೆ ಹೇಳಿದ್ದು ನಗುತ್ತಲೇ. "ಪುಸ್ತಕದಾಗ ಭೂಮಿ ಎಷ್ಟ್ ದೊಡ್ಡದು ಅಂತ ಕಲಿಸ್ತೀನಿ. ನನ್ನ ಭೂಮಿ ನಾಕನೂರು ಹೆಜ್ಜಿದ್ದು ನೋಡ್. ಎಣಿಸೀನಿ." ಮನೆಯಿಂದ ಶಾಲೆಗೆ ನಿಜವಾಗಿಯೂ ಅಷ್ಟೇ ಇತ್ತು. ನಾನೂ ಒಮ್ಮೆ ಎಣಿಸಿ ನೋಡಿದೆ. ನನ್ನ ಹೆಜ್ಜೆ ದೊಡ್ಡದು, ಮುನ್ನೂರಾ ಎಂಬತ್ತು ಬಂತು.

ನಾನೂ ನಮ್ಮ ಅಮ್ಮಿಯೂ ಬಾಡಿಗೆಗಿದ್ದ ಮನೆ ಅವರ ಮನೆಗೆ ಅಂಟಿಕೊಂಡೇ ಇತ್ತು. ಎರಡಕ್ಕೂ ಫರಸಿ ಕಲ್ಲಿನ ಮಾಳಿಗೆ, ನಡುವೆ ಮೊಣಕಾಲೆತ್ತರದ ಗೋಡೆ. ನಾನು ಆ ಗೋಡೆಯನ್ನು ದಿನಕ್ಕೆ ಹತ್ತು ಸಲ ದಾಟುತ್ತಿದ್ದೆ. ಅಕ್ಕೋರು ನಾನು ಆ ಊರಿನಲ್ಲಿದ್ದ ಅಷ್ಟೂ ವರ್ಷಗಳಲ್ಲಿ ಒಮ್ಮೆಯೂ ದಾಟಲಿಲ್ಲ. ಅವರ ಸೀಮೆ ಆ ಗೋಡೆಗೆ ಮುಗಿಯುತ್ತಿತ್ತು.

ಒಂದು ಬೇಸಿಗೆ ರಜೆಗೆ ಮುಂಚೆ ನಮ್ಮ ಶಾಲೆಗೆ ಆಕಾಶ ನೋಡುವ ಒಂದು ದುರ್ಬೀನು ಬಂತು. ವಸ್ತುಪ್ರದರ್ಶನಕ್ಕೆಂದು ಯಾವುದೋ ಕಚೇರಿಯವರು ಕಳಿಸಿದ್ದು. ತೋಳಿನಷ್ಟು ಉದ್ದ, ಮುಂದೆ ಅಂಗೈಗಿಂತ ಸಣ್ಣ ಗಾಜು, ಸಪೂರ ಕಾಲುಗಳು, ಕಣ್ಣಿಡುವ ಕಡೆ ಹಾಕಲು ಎರಡು ಪುಟ್ಟ ಗಾಜಿನ ಡಬ್ಬಿಗಳು. ಹೊಸದಾಗಿ ಕಲಿಯುವವರ ದುರ್ಬೀನು ಅಂತ ಪೆಟ್ಟಿಗೆಯ ಮೇಲೇ ಬರೆದಿತ್ತು. ನಮ್ಮ ಹೆಡ್ ಮಾಸ್ತರರು ಶಾಲೆಯ ಸಾಮಾನು ಬರೆದಿಡುವ ಡೆಡ್ ಸ್ಟಾಕ್ ರಜಿಸ್ಟರಿನಲ್ಲಿ "ದುರ್ಬೀನು ಒಂದು, ಅದರ ಕಾಲು ಮೂರು" ಎಂದು ಬರೆದು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಕಾಲು ಎರಡೇ ಆಗಿದ್ದರೆ ಏನಾಗುತ್ತಿತ್ತೋ! ಎಂಟು ದಿನ ಅವರ ಟೇಬಲ್ಲಿನ ಮುಂದೆ ನಿಂತು, ನಾಲ್ಕು ಕಡೆ ಸಹಿ ಮಾಡಿ, ಅಕ್ಕೋರು ಅದನ್ನು ಮನೆಗೆ ತಂದರು. ಏನನ್ನಾದರೂ ಕೇಳಲು ಅವರು ಅಷ್ಟು ಹಟ ಹಿಡಿದದ್ದನ್ನು ನಾನು ಮೊದಲ ಸಲ ನೋಡಿದ್ದೆ.

"ಇಪ್ಪತ್ತು ವರ್ಷ ಆತು ಬೇ," ಅಂದರು. "ಶನಿಗಿ ಬಳಿ ಅದ, ಶನಿಗಿ ಬಳಿ ಅದ ಅಂತ ಹುಡಿಗ್ಯಾರಿಗಿ ಹೇಳಾಕತ್ತು. ನಾ ಏನ್ ನೋಡೀನಿ? ಪುಸ್ತಕದಾಗ ಚಿತ್ರ ನೋಡು, ಬಳಿ ಗೋಲಕ್ಕ ಹತಗೊಂಡದ, ಟೊಪಗಿ ಅಂಚಿನ ಹಂಗ. ಖರೇ ನೋಡಿದ್ರ ಬಳಿ ಗೋಲ ಎರಡೂ ಬ್ಯಾರೆ, ನಡುವ ಸಂದು ಅದ. ಸಂದಿನ್ಯಾಗ ಕತ್ತಲಿ ಕಾಣ್ತದಂತ. ಆ ಸಂದು ಒಮ್ಮಿ ನನ್ನ ಕಣ್ಣಿಲೆ ನೋಡಬೇಕು. ಅಷ್ಟ. ಮತ್ತೇನೂ ಬ್ಯಾಡ."

ಆ ರಜೆಯಲ್ಲಿ ರಂಜಾನ್ ಇತ್ತು. ಇಪ್ಪತ್ತೊಂಬತ್ತನೆಯ ರೋಜಾದ, ಅಂದರೆ ಉಪವಾಸದ, ಸಂಜೆ ಊರಿನ ಮಾಳಿಗೆಗಳ ಮೇಲೆಲ್ಲ ಜನ, ಚಾಂದ್ ಕಂಡರೆ ನಾಳೆಯೇ ಹಬ್ಬ. ನಮ್ಮ ಅಮ್ಮಿಗೆ ಮಂಡಿನೋವು, ಆದರೂ ಹತ್ತಿ ಬಂದಿದ್ದಳು. ಗೋಡೆಯ ಆಚೆ ಅಕ್ಕೋರು ದುರ್ಬೀನು ಹೂಡಿಕೊಂಡು ಪಡುವಣಕ್ಕೆ ಏನನ್ನೋ ಹಿಡಿದಿದ್ದರು. "ಬರ್ರಿ ಅಮ್ಮಾ, ಇದ್ರಾಗ ನೋಡ್ರಿ" ಅಂದದ್ದೇ ತಡ, ಅಮ್ಮಿ ಗೋಡೆ ದಾಟಿ ಕಣ್ಣಿಟ್ಟಳು. ಇಟ್ಟವಳೇ ಎದೆ ಮೇಲೆ ಕೈ ಇಟ್ಟುಕೊಂಡು "ಚಾಂದ್ ದಿಸ್ಯಾ! ಚಾಂದ್ ದಿಸ್ಯಾ!" ಎಂದು ಕೂಗಿಬಿಟ್ಟಳು. ಪಕ್ಕದ ಮಾಳಿಗೆಯವರು ಕೇಳಿ ಆಚೆಯ ಮಾಳಿಗೆಗೆ ಕೂಗಿದರು. ಯಾರೋ ಪಟಾಕಿಯನ್ನೂ ಹಚ್ಚಿದರು.

"ಅಯ್ಯ, ಅದು ಚಾಂದ್ ಅಲ್ರಿ ಅಮ್ಮಾ! ಶುಕ್ರ ಅದು, ಶುಕ್ರ!" ಅಕ್ಕೋರು ಗಾಬರಿಯಾಗಿ ಅಮ್ಮಿಯ ತೋಳು ಹಿಡಿದರು.

"ಏನ್ ಹೇಳ್ತೀರಿ ಅಕ್ಕೋರೆ? ಶುಕ್ರ ಅಂದ್ರ ಚುಕ್ಕಿ. ಚುಕ್ಕಿ ಹಿಂಗ್ ಬಾಗಿರ್ತದೇನು, ಕುಡಗೋಲಿನ ಹಂಗ?"

ಬಾಗಿಯೇ ಇತ್ತು. ನಾನೂ ನೋಡಿದೆ. ಶುಕ್ರನೂ ಚಂದ್ರನ ಹಾಗೆ ಬೆಳೆದು ಸವೆಯುತ್ತಾನೆ, ಭೂಮಿಗೆ ಹತ್ತಿರ ಬಂದಾಗ ಕುಡುಗೋಲಾಗುತ್ತಾನೆ ಎಂದು ಅಕ್ಕೋರು ಎಷ್ಟು ಬಿಡಿಸಿ ಹೇಳಿದರೂ ಅಮ್ಮಿ ನಂಬಲಿಲ್ಲ. ಕೊನೆಗೆ ಬರಿಗಣ್ಣಿನಿಂದ ನೋಡಿಸಿ, ಮತ್ತೆ ದುರ್ಬೀನಿನಿಂದ ನೋಡಿಸಿ, ಹೀಗೆ ಏಳೆಂಟು ಸಲ ಮಾಡಿದ ಮೇಲೆ ಮುಖ ಸಣ್ಣದು ಮಾಡಿಕೊಂಡು, ಕೂಗಿದವಳೇ ಮತ್ತೆ ಕೂಗಿ ವಾಪಸು ತೆಗೆದುಕೊಂಡಳು. ಮರುದಿನ ಊರೆಲ್ಲ ಮೂವತ್ತನೆಯ ರೋಜಾ ಹಿಡಿಯಿತು. ಅಮ್ಮಿಗೆ ಆ ಓಣಿಯಲ್ಲಿ ಕೊನೆಯ ತನಕ "ಶುಕ್ರನ ಈದ್ ಮಾಡಿಸಿದಾಕಿ" ಎಂಬ ಹೆಸರು ಉಳಿಯಿತು. ಅಕ್ಕೋರು ಮಾತ್ರ ಬಹಳ ಖುಷಿಯಾಗಿದ್ದರು. "ಅಂದ್ರ ದುರ್ಬೀನು ಖರೇ ಅದ. ಸಣ್ಣದಾದ್ರೂ ಸುಳ್ಳು ಹೇಳಂಗಿಲ್ಲ."

ಶನಿ ಸಂಜೆಗೆ ಕಾಣತೊಡಗಿದ್ದು ಮಿರಗದ ಮಳೆಯ ಹೊತ್ತಿಗೆ, ಜೂನ್ ಮೊದಲಲ್ಲಿ, ಮೂಡಣದ ಕಡೆ, ಕೆಳಗೆ. ಮೊದಲ ದಿನ ಅಕ್ಕೋರು ಮಿಂದು, ತೊಳೆದ ಸೀರೆಯುಟ್ಟು ಬಂದಿದ್ದರು. ಹೆಚ್ಚು ದೊಡ್ಡದು ಮಾಡುವ ಡಬ್ಬಿಯನ್ನೇ ಹಾಕಿ ಕಣ್ಣಿಟ್ಟರು. ಬಹಳ ಹೊತ್ತು ನೋಡಿದರು. ಆಮೇಲೆ ಏನೂ ಹೇಳದೆ ನನಗೆ ಜಾಗ ಬಿಟ್ಟರು. ನಾನು ಕಂಡದ್ದು ಕುದಿಯುವ ನೀರಿನಲ್ಲಿ ಬಿದ್ದ ತತ್ತಿಯ ಹಾಗಿನ ಒಂದು ಹಳದಿ ಉಂಡೆ. ಕುಣಿಯುತ್ತದೆ, ಹಿಗ್ಗುತ್ತದೆ, ಕದಡುತ್ತದೆ. ಸಂದು ಹಾಗಿರಲಿ, ಬಳೆಯೇ ಇಲ್ಲ.

ಹತ್ತು ದಿನ ಅದೇ ಹಾಡು. ಆ ಡಬ್ಬಿ ತೆಗೆದು ಕಡಿಮೆ ದೊಡ್ಡದು ಮಾಡುವುದನ್ನು ಹಾಕಿದರು. ಉಂಡೆ ಸಣ್ಣದಾಯಿತು, ಸ್ವಲ್ಪ ತಿಳಿಯಾಯಿತು. "ದೊಡ್ಡದು ಬ್ಯಾಡ ಬೇ, ನಿಚ್ಚಳ ಬೇಕು. ನಾವು ದೊಡ್ಡದಕ್ಕ ಬಾಯಿ ಬಿಟ್ಟು ಕೆಟ್ಟೀವಿ" ಅಂದರು. ಗಾಳಿ ಬೀಸಿದರೆ ಕಾಲುಗಳು ನಡುಗುತ್ತವೆ ಎಂದು ಖಾರ ಅರೆಯುವ ಗುಂಡುಕಲ್ಲನ್ನು ಚೀಲದಲ್ಲಿ ಹಾಕಿ ಕಾಲುಗಳ ನಡುವೆ ಜೋತುಬಿಟ್ಟರು. ಕೆಳಗೆ ಅಡುಗೆಮನೆಯಲ್ಲಿ ಅವರ ನೆಗೆಣ್ಣಿ, ಅಂದರೆ ಭಾವನವರ ಹೆಂಡತಿ, ನಾವೆಲ್ಲ ದೊಡ್ಡಕ್ಕ ಅನ್ನುತ್ತಿದ್ದಾಕೆ, "ಗುಂಡಕಲ್ಲು ಎಲ್ಲಿ ಹೋತವ್ವಾ?" ಎಂದು ಹುಡುಕುತ್ತಿದ್ದದ್ದು ಮಾಳಿಗೆಗೆ ಕೇಳಿಸುತ್ತಿತ್ತು. ನಾವಿಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದೆವು.

ಆದರೂ ಕುದಿ ನಿಲ್ಲಲಿಲ್ಲ. ಅವರಿಗೆ ಗುಟ್ಟು ಸಿಕ್ಕಿದ್ದು ರೊಟ್ಟಿ ಬಡಿಯುವಾಗ. ಒಂದು ಮುಂಜಾನೆ ಹಿಟ್ಟಿನ ಕೈಯಲ್ಲೇ ಹಿತ್ತಿಲ ಗೋಡೆಗೆ ಓಡಿ ಬಂದು ನನ್ನನ್ನು ಕರೆದರು.

"ಕಾದ ಹಂಚಿನ ಮ್ಯಾಲಿಂದ ಆಚಿ ಗ್ವಾಡಿ ನೋಡಿಯೇನು? ಗ್ವಾಡಿ ನಡಗ್ತದ. ಗ್ವಾಡಿ ನಡಗೂದಿಲ್ಲ, ನಡುವಿನ ಗಾಳಿ ಕಾದು ಕುಣೀತದ. ನಮ್ಮ ಮಾಳಿಗಿ ಕಲ್ಲು ಹಗಲೆಲ್ಲಾ ಬಿಸಲು ಕುಡಿದು ಸಂಜಿಗಿ ಕಾರತದ. ನಾವು ಹಂಚಿನ ಮ್ಯಾಲ ಕುಂತು ಶನಿ ನೋಡಾಕತ್ತೀವಿ ಬೇ!"

ಎತ್ತರಕ್ಕೆ ಹೋದರೆ ಚೆನ್ನಾಗಿ ಕಂಡೀತು ಎಂದು ಮಾಳಿಗೆ ಹತ್ತಿದ್ದೇ ತಪ್ಪಾಗಿತ್ತು. ಹುಲ್ಲಿದ್ದ ಬಯಲಿನ ಮಣ್ಣು ಬೇಗ ಆರುತ್ತದೆ. ನಮ್ಮ ಶಾಲೆಯ ಹಿಂದಿನ ಮೈದಾನ ಅಂಥದ್ದೇ. ನಾಲ್ಕುನೂರು ಹೆಜ್ಜೆ. ಆದರೆ ದೀಪ ಹಚ್ಚಿದ ಮೇಲಿನ ನಾಲ್ಕುನೂರು ಹೆಜ್ಜೆ.

"ನಾ ಒಯ್ದು ನೋಡಿಕೊಂಡು ಬಂದು ಹೇಳ್ತೀನ್ರಿ, ಹೆಂಗಿತ್ತು ಅಂತ" ಎಂದೆ.

ಅಕ್ಕೋರಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಆಗ ಮಾತ್ರ. "ನೀ ನೋಡಿದ್ದು ನನ್ನ ಕಣ್ಣಿಗಿ ಹೆಂಗ ಬರ್ತದ? ಇಪ್ಪತ್ತು ವರ್ಷ ಮಂದಿ ನೋಡಿದ್ದ ಹೇಳೀನಿ. ಇನ್ನ ಸಾಕಾಗ್ಯಾದ ನನಗ." ಹಾಗಂದು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಒಳಗೆ ಹೋದರು.

ಮರುದಿನ ಸಂಜೆ ಅವರು ಮಾಳಿಗೆಗೆ ನೀರು ಹೊರತೊಡಗಿದರು. ಬೇಸಿಗೆಯಲ್ಲಿ ಗಂಡಸರು ಮಲಗುವ ಮಾಳಿಗೆಗೆ ಒಂದೆರಡು ಕೊಡ ಚೆಲ್ಲುವುದು ಎಲ್ಲ ಮನೆಗಳಲ್ಲೂ ಇತ್ತು. ಅಕ್ಕೋರು ಎಂಟು ಕೊಡ ಹೊತ್ತರು. ಕಲ್ಲಿನಿಂದ ಹಬೆ ಎದ್ದಿತು, ಹೀರಿಕೊಂಡಿತು, ಮತ್ತೆ ಚೆಲ್ಲಿದರು. ಕೈ ಮುಟ್ಟಿಸಿ ಮುಟ್ಟಿಸಿ ನೋಡಿದರು. ಕೊನೆಗೆ "ಈಗ ತಣ್ಣಗಾತು" ಎಂದು ಅವರು ದುರ್ಬೀನಿಗೆ ಕೈ ಹಾಕುವುದಕ್ಕೂ ಭಾವನವರು ಹಾಸಿಗೆ ಕಂಕುಳಲ್ಲಿ ಹಿಡಿದು ಹತ್ತಿ ಬರುವುದಕ್ಕೂ ಸರಿಹೋಯಿತು. ಬರಿಗಾಲಿನಲ್ಲಿ ಕಲ್ಲು ತುಳಿದು, "ವಾ! ಮಾಳಿಗಿ ಭಾಳ ತಂಪಾಗ್ಯಾದ ಇವತ್ತ. ದಿನಾ ಹಿಂಗ ಹೊಡಿರಿ ನೀರು" ಎಂದು ನಟ್ಟನಡುವೆ ಹಾಸಿ ಮಲಗಿದರು. ಅಕ್ಕೋರು ದುರ್ಬೀನು ಎತ್ತಿಕೊಂಡು ಇಳಿದು ಹೋದರು. ಬಿಸಿ ಇರುವ ತನಕ ಮಾಳಿಗೆ ಅವರದು, ತಂಪಾದ ಮೇಲೆ ಗಂಡಸರದು. ಬೆಳಗಿನ ಜಾವ ಎದ್ದು ನೋಡೋಣವೆಂದರೆ ಅವರಿನ್ನೂ ಅಲ್ಲೇ ಮಲಗಿರುತ್ತಿದ್ದರು; ಅವರು ಕೆಳಗೆ ಮಲಗಿದ ದಿನವೂ ಮೆಟ್ಟಿಲು ಅವರ ಕೋಣೆಯೊಳಗಿಂದಲೇ ಹತ್ತುತ್ತಿತ್ತು. ನನಗೆ ಸಿಟ್ಟು ಬಂದು ನಮ್ಮ ಅಮ್ಮಿಯ ಮೇಲೆ ಸುಮ್ಮಸುಮ್ಮನೆ ರೇಗಿದೆ.

ಭಾವನವರು ಕೆಟ್ಟ ಮನುಷ್ಯರು ಅಂತ ಹೇಳಲಾರೆ. ತೊಗರಿ ದಲಾಲಿಯ ಅಡತಿ ಅಂಗಡಿ, ಹೇಳಿದ ಮಾತಿಗೆ ನಿಲ್ಲುವವರು, ನಾದಿನಿಯ ಮೇಲೆ ಒಮ್ಮೆಯೂ ಕೈ ಎತ್ತಿದವರಲ್ಲ. ಆದರೆ ಶನಿಯೆಂದರೆ ಅವರ ಜೀವ ಬಾಯಿಗೆ ಬರುತ್ತಿತ್ತು. ಪ್ರತಿ ಶನಿವಾರ ಹನುಮಂತ ದೇವರ ಗುಡಿಗೆ ಎಣ್ಣೆ ಕೊಡುತ್ತಿದ್ದರು, ಕರಿ ಬಟ್ಟೆ ಮೈಮೇಲೆ ಹಾಕುತ್ತಿರಲಿಲ್ಲ. ದುರ್ಬೀನಿನಿಂದ ಶನಿ ನೋಡುತ್ತಾರಂತೆ ಎಂದು ಯಾರೋ ಕಿವಿಗೆ ಹಾಕಿದಾಗ ಊಟದ ತಾಟಿನ ಮುಂದೆ ಅವರು ಅಂದ ಮಾತನ್ನು ಅಕ್ಕೋರು ನನಗೆ ನಕ್ಕೇ ಹೇಳಿದರು, ಆದರೆ ಹೇಳುವಾಗ ಧ್ವನಿ ಒಣಗಿತ್ತು: "ಮನ್ಯಾಗ ಇದ್ದ ಶನಿ ಸಾಲ್ಲಿಲ್ಲೇನು, ಮ್ಯಾಲಿಂದು ಬ್ಯಾರೆ ಕರೀಬೇಕೇನು?"

"ನೀವೇನಂದ್ರಿ?"

"ಶನಿ ಅಲ್ರಿ, ಗುರು ನೋಡಾಕತ್ತೀನಿ ಅಂದೆ. ಗುರು ಅಂದ್ರ ಛೊಲೋ ನೋಡು, ಗಪ್ ಆದ್ರು."

ಆ ತಿಂಗಳು ಗುರು ಸಂಜೆಯ ಆಕಾಶದಲ್ಲಿ ಇರಲೇ ಇಲ್ಲ. ವಿಜ್ಞಾನ ಕಲಿಸುವ ಅಕ್ಕೋರು ನನಗೆ ಗೊತ್ತಿದ್ದಂತೆ ಹೇಳಿದ ಒಂದೇ ಸುಳ್ಳು ಅದು.

ಮಳೆ ಹಿಡಿಯಿತು. ಗಂಡಸರು ಮಾಳಿಗೆ ಬಿಟ್ಟು ಕೆಳಗಿಳಿದರು. ಈಗ ಮಾಳಿಗೆಯಿತ್ತು, ಆಕಾಶವಿರಲಿಲ್ಲ. ಅಷ್ಟರಲ್ಲಿ ಪತ್ರ ಬಂತು: ಸ್ವಾತಂತ್ರ್ಯ ದಿನದ ವಸ್ತುಪ್ರದರ್ಶನ ಮುಗಿದ ವಾರದೊಳಗೆ ದುರ್ಬೀನನ್ನು ಜೇವರ್ಗಿಯ ಕಡೆಯ ಒಂದು ಶಾಲೆಗೆ ಮುಟ್ಟಿಸಬೇಕು. ಅಕ್ಕೋರು ಪತ್ರ ಓದಿ ಮಡಚಿ ಹಾಜರಿ ಪುಸ್ತಕದಲ್ಲಿಟ್ಟರು. ಆ ವಾರವೆಲ್ಲ ದಿನವೂ ದುರ್ಬೀನನ್ನು ಅರ್ಧ ಗಂಟೆ ಮುಂಚೆ ಹೊರಗಿಟ್ಟು, ಗಾಜಿಗೆ ಹೊರಗಿನ ಹವೆ ಹೊಂದಲಿ ಎಂದು ಬಟ್ಟೆ ತೆರೆದಿಟ್ಟು, ಮೋಡ ನೋಡುತ್ತ ಕೂರುತ್ತಿದ್ದರು. ಹನಿ ಬಿದ್ದರೆ ಮುಚ್ಚುವರು. ಸೋಮವಾರ, ಮಂಗಳವಾರ, ಬುಧವಾರ. ನಾನಾಗಿದ್ದರೆ ಮೋಡಕ್ಕೆ ಬೈಯುತ್ತಿದ್ದೆ. ಅವರು ಬೈಯಲಿಲ್ಲ.

ನಾಳೆ ಬಸ್ಸಿಗೆ ಹಾಕಬೇಕು ಎಂಬ ದಿನ ನಾಲ್ಕು ಗಂಟೆಗೆ ರಪರಪನೆ ಮಳೆ ಹೊಡೆಯಿತು. ಆರೂವರೆಗೆ ಮೋಡ ಒಡೆದು ತೆಂಕಣದ ಆಕಾಶ ತೊಳೆದಿಟ್ಟ ಹಾಗಾಯಿತು. ಅಕ್ಕೋರು ಹತ್ತಿ ಬಂದವರೇ ಬಗ್ಗಿ ಕಲ್ಲು ಮುಟ್ಟಿದರು. ಮುಟ್ಟಿದ ಕೈಯನ್ನು ಹಾಗೇ ಕೆನ್ನೆಗೆ ಒತ್ತಿಕೊಂಡರು.

"ಬರ್ಫ್ ಆಗ್ಯಾದ ಬೇ. ನೀ ಮುಟ್ಟು, ಮುಟ್ಟು!"

ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಶನಿ ಈಗ ಕೆಳಗಿರಲಿಲ್ಲ, ಎತ್ತರಕ್ಕೆ ಬಂದು ಮಿನುಗದೆ ನಿಂತಿತ್ತು. "ಮಿಣಮಿಣ ಅನ್ನವಲ್ದು ನೋಡು. ಗಾಳಿ ನಿಂತದ" ಎಂದು ಪಿಸುಗುಟ್ಟಿದರು. ಗುಂಡುಕಲ್ಲು ಜೋತುಬಿಟ್ಟರು. ದುರ್ಬೀನಿನ ಬೆನ್ನ ಮೇಲಿನ ಸಣ್ಣ ನಳಿಗೆಯಲ್ಲಿ ಆ ಚುಕ್ಕೆಯನ್ನು ನಡುವಿಗೆ ತಂದರು. ತಿರುಪು ಬಿಗಿದರು. ಸ್ಟೂಲು ಎಳೆದುಕೊಂಡು ಕೂತರು. ಇನ್ನು ಬಗ್ಗಿ ಕಣ್ಣಿಡುವುದೊಂದೇ ಬಾಕಿ.

ಆಗ ದೊಡ್ಡಕ್ಕ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. "ತಂಗೀ, ಅಂಗಡಿಯಿಂದ ಇವತ್ತ ಲಗೂ ಬಂದಾರ. ಚಾ ಕೇಳಾಕತ್ತಾರ. ಮ್ಯಾಲ ಏನ್ ನಡಿಸೀರಿ ಅಂತ ಕೇಳಿದ್ರು. ನಾನೂ ಹತ್ತಿ ಬರ್ತೀನಿ ಅಂತಾರ." ಹಿಂದೆಯೇ ಕೆಳಗಿಂದ ಭಾವನವರ ಧ್ವನಿ: "ಯಾರರೆ ಒಬ್ರು ಕೆಳಗ ಬರ್ತೀರೇನು ಇಲ್ಲೋ?"

ಚಹಾ ಮಾಡುವುದು ದಿನವೂ ದೊಡ್ಡಕ್ಕನ ಕೆಲಸ. ಆಕೆ ಇಳಿಯಲು ತಿರುಗಿದರು. ಒಂದು ಮೆಟ್ಟಿಲು ಇಳಿದರು ಕೂಡ. ಆಮೇಲೆ ನಿಂತು, ತಿರುಗಿ, ಹುಡುಗಿಯ ಹಾಗೆ ಸೆರಗಿನ ಚುಂಗು ಹಿಡಿದುಕೊಂಡು, "ತಂಗೀ... ನನಗೊಮ್ಮಿ ತೋರಸ್ತೀಯೇನವ್ವಾ?" ಅಂದರು.

ಅಕ್ಕೋರು ಒಂದು ಗಳಿಗೆ ದೊಡ್ಡಕ್ಕನ ಮುಖ ನೋಡಿದರು, ಒಂದು ಗಳಿಗೆ ದುರ್ಬೀನು. ಆಮೇಲೆ ಎದ್ದರು. ದೊಡ್ಡಕ್ಕನ ಭುಜ ಹಿಡಿದು ಸ್ಟೂಲಿನ ಮೇಲೆ ಕೂಡಿಸಿದರು. "ಎಡಗಣ್ಣು ಮುಚ್ಚು. ಉಸಿರು ಹಿಡಕೊಂಡು ನೋಡು. ಚಾ ನಾ ಮಾಡ್ತೀನಿ" ಎಂದು ಹೇಳಿ, ನನ್ನ ಕಡೆ ತಿರುಗಿ "ಜಾರಿದ್ರ ಸಣ್ಣ ತಿರುಪು ತಿರುವು" ಎಂದು ಇಳಿದು ಹೋದರು.

ನಾನೇ ಇಳಿದು ಹೋಗಿ ಚಹಾ ಮಾಡಿಕೊಡಬಹುದಿತ್ತಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಬೈದುಕೊಂಡಿದ್ದೇನೆ. ಮಾಡಬಹುದಾಗಿರಲಿಲ್ಲ. ಅವರ ಮಾಳಿಗೆಗೆ ನಾನು ದಿನವೂ ಹೋಗುತ್ತಿದ್ದೆ, ಆದರೆ ಆ ಮನೆಯ ಅಡುಗೆಮನೆಯಲ್ಲಿ ನಾನು ಕಾಲಿಡುವಂತಿರಲಿಲ್ಲ. ಮೂವರು ಹೆಂಗಸರು, ಮೂವರಿಗೂ ಒಂದೊಂದು ಗೆರೆ.

ದೊಡ್ಡಕ್ಕ ಕಣ್ಣಿಟ್ಟರು. "ಅಯ್ಯಯ್ಯ!" ಅಂದರು. "ಏನ್ ಕಾಣ್ತದ್ರಿ ದೊಡ್ಡಕ್ಕಾ?" ಎಂದು ಕೇಳಿದರೆ ಕೈ ಬೀಸಿ ಸುಮ್ಮನಾಗಿಸಿದರು. "ಜಾರಾಕತ್ತದ, ಜಾರಾಕತ್ತದ" ಅಂದಾಗ ನಾನು ತಿರುಪು ತಿರುವಿದೆ. ಆಕೆ ಕಣ್ಣು ತೆಗೆಯಲಿಲ್ಲ. ನಾನು ಕೇಳಿದರೂ ಕೊಡಲಿಲ್ಲ! ಮದುವೆಯಾಗಿ ಮೂವತ್ತು ವರ್ಷ ಕರೆದ ಕೂಡಲೇ ಓಡುತ್ತಿದ್ದ ಹೆಂಗಸು, ಕೆಳಗೆ ಗಂಡನಿದ್ದಾನೆ ಎಂಬುದನ್ನೂ ಮರೆತು ಕೂತಿದ್ದರು. ಅಷ್ಟರಲ್ಲಿ ಭೀಮಾ ನದಿಯ ಕಡೆಯಿಂದ ಮೋಡ ಬಂತು. ದೊಡ್ಡಕ್ಕ "ಹೋತು" ಎಂದು ಎದ್ದರು.

ಅಕ್ಕೋರು ಓಡುತ್ತ ಹತ್ತಿ ಬಂದಾಗ ತೆಂಕಣವೆಲ್ಲ ಮುಚ್ಚಿತ್ತು. ಆ ಸಂಜೆ ಅದು ಮತ್ತೆ ತೆರೆಯಲಿಲ್ಲ. ಭಾವನವರು ಬಾಗಿಲ ಅಗಳಿ ಹಾಕುವ ತನಕ ಕಾದು, ಅವರು ದುರ್ಬೀನನ್ನು ಒರೆಸಿ, ಮೂರು ಕಾಲು ಮಡಚಿ, ಪೆಟ್ಟಿಗೆಗೆ ಹಾಕಿದರು.

"ಯಾಕ್ರಿ ಹಂಗ ಮಾಡಿದ್ರಿ?" ನನಗೆ ಅಳುವೇ ಬಂದಿತ್ತು. "ಒಂದ್ ನಿಮಿಷದ ಕೆಲಸ, ನೀವು ನೋಡಿ ಆಮ್ಯಾಲ ಅವರಿಗಿ ಕೊಡಬೇಕಿಲ್ಲ?"

"ಒಂದ್ ನಿಮಿಷ ತಡಾ ಆಗಿದ್ರ ಭಾವನೋರು ಮ್ಯಾಲ ಬರ್ತಿದ್ರು. ಆಗ ಇಬ್ಬರಿಗೂ ಇರ್ತಿರಲಿಲ್ಲ." ಪೆಟ್ಟಿಗೆಯ ದಾರ ಬಿಗಿಯುತ್ತ ಅಂದರು, "ಅಕಿ ಈ ಮನಿಗಿ ಬಂದಾಗಿಂದ ಏನೂ ಕೇಳಿಲ್ಲ ಬೇ. ಇದೊಂದ ಕೇಳಿದ್ಳು. ಹೆಂಗ ಇಲ್ಲ ಅನ್ಲಿ?"

ಮರುದಿನ ಮುಂಜಾನೆ ನಾನು ಶಾಲೆಗೆ ಹೊರಟಾಗ ಅಕ್ಕೋರು ತಮ್ಮ ಬಾಗಿಲ ಒಳಗೆ, ಹೊಸ್ತಿಲಿಗೆ ಕಾಲ್ಬೆರಳು ತಾಗಿಸಿ ನಿಂತಿದ್ದರು. ಹೊಸ್ತಿಲ ಮುಂದೆ ದೊಡ್ಡಕ್ಕ ಹಾಕಿದ ರಂಗೋಲಿ. ದಿನದ ಹೂವು ಬಳ್ಳಿ ಅಲ್ಲ. ನಡುವೆ ತುಂಬಿದ ಒಂದು ಗುಂಡು, ಅದರ ಸುತ್ತ ಓರೆಯಾದ ಉದ್ದನೆಯ ಬಳೆ, ಮತ್ತು ಗುಂಡಿಗೂ ಬಳೆಗೂ ನಡುವೆ ಎರಡೂ ಬದಿ ಬರಿಗಲ್ಲು. ಒಂದು ಅಕ್ಷರ ಓದಲು ಬಾರದ, ನಮ್ಮ ಪಾಠದ ಪುಸ್ತಕ ತೆರೆದೂ ನೋಡದ ಹೆಂಗಸು.

"ಸಂದು ಬಿಟ್ಟಾಳ ನೋಡು," ಅಕ್ಕೋರು ಮೆಲ್ಲಗೆ ಅಂದರು. "ಯಾರೂ ಹೇಳಿಲ್ಲ ಅಕಿಗಿ. ಸಂದು ಖರೇ ಕಂಡದ."

ಭಾವನವರು ಅಂಗಡಿಗೆ ಹೊರಟು ಬಂದು ಬಗ್ಗಿ ನೋಡಿದರು. "ಇದೇನಿದು ಹೊಸ ನಮೂನಿ?"

ಒಳಗಿಂದ ದೊಡ್ಡಕ್ಕ, ಒಂದಿಷ್ಟೂ ತಡವರಿಸದೆ, "ತಾಟಿನ್ಯಾಗ ಲಿಂಬಿಹಣ್ಣು ಇಟ್ಟಂಗ ಹಾಕೀನ್ರಿ" ಅಂದರು.

"ಹ್ಞೂಂ, ಛಂದ ಅದ" ಎಂದು ಭಾವನವರು ಶನಿಯನ್ನು ದಾಟಿಕೊಂಡು ಅಂಗಡಿಗೆ ಹೋದರು. ನಾವಿಬ್ಬರೂ ಶಾಲೆಯ ತನಕ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ನೋಡಿದ್ದರೆ ಬೀದಿಯಲ್ಲೇ ನಕ್ಕು ಬೀಳುತ್ತಿದ್ದೆವು. ಮಧ್ಯಾಹ್ನದ ಬಸ್ಸಿಗೆ ದುರ್ಬೀನು ಜೇವರ್ಗಿಗೆ ಹೋಯಿತು. ಅದು ತಿರುಗಿ ಬರಲಿಲ್ಲ.

ಮುಂದಿನ ವರ್ಷ ನನಗೆ ಆಳಂದಕ್ಕೆ ವರ್ಗವಾಯಿತು, ಮದುವೆಯಾಯಿತು, ಮಕ್ಕಳಾದವು. ಅಕ್ಕೋರಿಗೆ ಒಂದು ಸಣ್ಣ ದುರ್ಬೀನು ಕೊಂಡು ಒಯ್ಯಬೇಕು ಎಂದು ಪ್ರತಿ ರಂಜಾನಿಗೆ ಅಂದುಕೊಂಡೆ. ಬರೀ ಅಂದುಕೊಂಡೆ. ಹೀಗೆ ಅಂದುಕೊಳ್ಳುತ್ತಲೇ ಸುದ್ದಿ ಬಂತು. ಇದಕ್ಕೆ ನನ್ನ ಹತ್ತಿರ ಯಾವ ನೆಪವೂ ಇಲ್ಲ.

ಮೂರನೆಯ ದಿನ ಅಫಜಲಪುರಕ್ಕೆ ಹೋದೆ. ದೊಡ್ಡಕ್ಕ ನನ್ನ ಕೈ ಹಿಡಿದು, ಬಾ ಎಂದು ನೇರ ಅಡುಗೆಮನೆಗೇ ಕರೆದುಕೊಂಡು ಹೋಗಿ ಮಣೆ ಹಾಕಿದರು. ಅತ್ತು ಮುಗಿದ ಮೇಲೆ ನಾನು ಕೇಳಿದೆ, "ಆಮ್ಯಾಲ ಅಕ್ಕೋರು ಎಂದಾದ್ರೂ ಶನಿ ನೋಡಿದ್ರಾ?"

"ಎಲ್ಲಿ ನೋಡ್ತಾಳವ್ವಾ? ಯಾರು ತೋರಸ್ತಾರ? ನಾ ಪ್ರತಿ ಶನಿವಾರ ಆ ರಂಗೋಲಿ ಹಾಕ್ತಿದ್ದೆ, ಅಕಿ ಸಾಲಿಗಿ ಹೋಗೂಮುಂದ ಹೊಸ್ತಲದಾಗ ನಿಂತು ನೋಡಿ ಹೋಗಾಕಿ. ಅಕ್ಕಾ, ಸಂದು ಎಷ್ಟಿತ್ತು, ಕತ್ತಲಿ ಹೆಂಗಿತ್ತು, ದಿನಾ ಕೇಳಾಕಿ. ನಾನೂ ದಿನಾ ಹೇಳಾಕಿ." ದೊಡ್ಡಕ್ಕ ಮೂಗು ಒರೆಸಿಕೊಂಡರು. "ಹ್ವಾದ ವರ್ಷ ಒಂದ್ ಶನಿವಾರ ನನಗ ಕೈ ನಡಗಿ, ಬಳಿ ಗುಂಡಿಗಿ ಹತ್ತಿಬಿಟ್ತು. ಅಕಿ ನೋಡಿದ್ಳು. ಚಪ್ಪಲ್ ಕಳದಳು. ಹೊಸ್ತಲ ದಾಟಿ ಕುಂತಳು. ಕುಂತು, ತನ್ನ ಬೆರಳಿಲೆ ಪುಡಿ ಸರಿಸಿ ಸಂದು ಬಿಡಿಸಿದ್ಳು."

ಗಂಡ ಸತ್ತವಳು ಬಾಗಿಲ ರಂಗೋಲಿಗೆ ಕೈ ಹಚ್ಚುವುದು ಆ ಮನೆಯಲ್ಲಿ, ಆ ಓಣಿಯಲ್ಲಿ ಏನೆಂದು ನನಗೆ ಗೊತ್ತಿತ್ತು.

"ಭಾವನವರು?"

"ಹಿಂದ ನಿಂತಿದ್ರು. ಎಲ್ಲಾ ನೋಡಿದ್ರು. ಅಕಿ ತಿರಗಿ ನೋಡಿ, 'ಲಿಂಬಿಹಣ್ಣಲ್ರಿ ಭಾವನೋರೆ, ಶನಿ. ಇಷ್ಟ್ ವರ್ಷ ನೀವು ದಾಟಿ ಹೋದ್ರಿ, ಏನೂ ಆಗಿಲ್ಲ' ಅಂದ್ಳು. ಅಂದು ಎದ್ದು ಸಾಲಿಗಿ ಹೋದ್ಳು. ಅವತ್ತಿಂದ ಇವರು ದಾಟಂಗಿಲ್ಲವ್ವಾ. ಬಾಜೂದಾಗಿಂದ ಹೋಗ್ತಾರ."

"ಅಂಜಿಕಿಗೇನು?"

"ಅಂಜಿಕಿಗೋ, ಮತ್ಯಾಕೋ. ನಾ ಕೇಳಿಲ್ಲ."

ಬಸ್ಸಿನ ಹೊತ್ತಾಗಿತ್ತು. ನಾನು ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಭಾವನವರು ಪಡಸಾಲೆಯಿಂದ ಕೋಲೂರಿಕೊಂಡು ಎದ್ದು ಬಂದರು. ಬಹಳ ಹಣ್ಣಾಗಿದ್ದರು. "ಬಸ್ಸಿನ ತನಕಾ ಬರ್ತೀನಿ ನಡೀರಿ" ಅಂದರು. ಬೇಡವೆಂದರೂ ಕೇಳಲಿಲ್ಲ. ಸೂತಕದ ಮನೆ, ಹೊಸ್ತಿಲ ಮುಂದೆ ರಂಗೋಲಿ ಇರಲಿಲ್ಲ, ಬರೀ ಕಲ್ಲು. ಮುದುಕರು ಹೊಸ್ತಿಲಿಗೆ ಬಂದು ನಿಂತರು, ಕೆಳಗೆ ನೋಡಿದರು. ಆಮೇಲೆ ಗೋಡೆ ಹಿಡಿದು, ಆ ಖಾಲಿ ಜಾಗ ತುಳಿಯದೆ, ಬಾಜೂದಿಂದ ಸುತ್ತಿ ಇಳಿದರು.